ಮಡಿಬಟ್ಟೆಯಲ್ಲಿ ಸೋಸಿದ ಪೆಟ್ರೋಲು

ನಮ್ಮ ಮಾವನವರಿಗೆ ಪೆಟ್ರೋಲಿಗೂ ಮಡಿ. ಎಲ್ಲೂರಿನ ನಮ್ಮ ಮನೆಯ ಪಿಕಪ್ಪು ದೇವಸ್ಥಾನದ ಊಟಗಳಿಗೆ ಅಕ್ಕಿ, ಕೊಪ್ಪರಿಗೆ ಹೊರುತ್ತಿತ್ತು. ಡಬ್ಬಿಯಲ್ಲಿ ತಂದ ಪೆಟ್ರೋಲನ್ನು ತೆಳು ತೊಗಲಿನಲ್ಲಿ ಸೋಸಿ ಟ್ಯಾಂಕಿಗೆ ಹೊಯ್ಯಬೇಕು, ತೊಗಲು ನೀರನ್ನು ಬಿಡುವುದಿಲ್ಲ ಎಂದು ನನ್ನ ಗಂಡ ಎಷ್ಟು ಹೇಳಿದರೂ ಮಾವ ಕೇಳಲಿಲ್ಲ. ದೇವರ ಅಕ್ಕಿ ಹೊರುವ ಗಾಡಿಗೆ ತೊಗಲು ಮುಟ್ಟಿಸುವುದುಂಟೇ? ಒಗೆದ ಹಳೆಯ ಪಂಚೆಯಲ್ಲೇ ಸೋಸಬೇಕು. ಪಂಚೆ ಕಸವನ್ನೇನೋ ಹಿಡಿಯುತ್ತಿತ್ತು. ನೀರು ಸಲೀಸಾಗಿ ಇಳಿಯುತ್ತಿತ್ತು.

ಅರವತ್ತರ ದಶಕದ ಒಂದು ಮಳೆಗಾಲ. ನನ್ನ ಮೊದಲ ಮಗು ಹೊಟ್ಟೆಯಲ್ಲೇ ಹೋಗಿತ್ತು; ಇದು ಎರಡನೆಯದು. ನೋವು ಬಂದಾಗ ಸೂಲಗಿತ್ತಿ ಹೊಟ್ಟೆ ಸವರಿ, ಮಗು ಅಡ್ಡ ಉಂಟು, ಬೇಗ ಉಡುಪಿ ಆಸ್ಪತ್ರೆಗೆ ಒಯ್ಯಿರಿ ಎಂದಳು. ಪಿಕಪ್ಪಿನ ಹಿಂದೆ, ಟಾರ್ಪಾಲಿನ ಕೆಳಗೆ, ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಮುಂದೆ ಮಾವ, ನನ್ನ ಗಂಡ.

ಕಾಪು ದಾಟಿದ್ದೇ ಗಾಡಿ ಕೆಮ್ಮಿ ನಿಂತಿತು. ಪೆಟ್ರೋಲು ಸೋಸುವ ಗಾಜಿನ ಬಟ್ಟಲು ಬಿಚ್ಚಿದರೆ ತಳದಲ್ಲಿ ನೀರು. ಇವರು ಚೆಲ್ಲಿ, ಒರೆಸಿ ಹೊರಡಿಸಿದರು. ಸ್ವಲ್ಪ ದೂರ ಹೋಗಿ ಮತ್ತೆ ನಿಂತಿತು. ಮತ್ತೆ ನೀರು. ನನಗೆ ಜೀವ ಬಾಯಿಗೆ ಬಂದಿತ್ತು.

ಆಗ ಎದುರಿನಿಂದ ಹೆಂಚು ತುಂಬಿದ ಪಿಕಪ್ಪೊಂದು ಬಂತು. ಅದರ ಯಜಮಾನರು ಉದ್ಯಾವರದ ಕ್ರಿಸ್ತುವರು. ಇಳಿದು ನೋಡಿದವರೇ ಸೀಟಿನಡಿಯಿಂದ ತೊಗಲಿನ ತುಂಡು ತೆಗೆದರು. "ಟ್ಯಾಂಕಿನದ್ದು ಇಳಿಸಿ ಇದರಲ್ಲಿ ಸೋಸುವ ಭಟ್ರೇ. ಈಗ ಆಗ್ತದೆ."

ಮಾವ ತೊಗಲನ್ನು ನೋಡಿದರು. ಇನ್ನೊಮ್ಮೆ ಒರೆಸಿ ನೋಡುವ ಎಂದರು. ಅಪ್ಪನ ಮಾತಿಗೆ ನನ್ನ ಗಂಡನ ಚಾಚಿದ ಕೈ ಅಲ್ಲೇ ನಿಂತಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮ ಮನೆಯಲ್ಲೇ ಹುಟ್ಟಿರಬೇಕು! ಅದುವರೆಗೆ ಮಾವನ ಎದುರು ತಲೆಯೆತ್ತಿ ಮಾತಾಡದವಳು ನಾನು. ಸಿಟ್ಟು ನೆತ್ತಿಗೇರಿತು.

"ಮಾವಾ, ದೇವರೆದುರು ಬಡಿಯುವ ಚೆಂಡೆಗೆ ಹಾಕಿದ್ದು ಎಂತ? ತೊಗಲೇ ಅಲ್ವಾ? ಈ ಮಗುವೂ ಹೋದರೆ ನಿಮ್ಮ ಮಡಿ ಯಾರಿಗೆ?"

ಅತ್ತೆ ನನ್ನ ಬಾಯಿ ಮುಚ್ಚಿದರು. ಮಾವ ಕೊಡೆಯನ್ನು ನನ್ನ ಗಂಡನ ಕೈಗೆ ಕೊಟ್ಟು, ತೊಗಲನ್ನು ತಾವೇ ಇಸಿದುಕೊಂಡು ಆಲಿಕೆಯ ಮೇಲೆ ಹಿಡಿದರು. ಆ ಯಜಮಾನರು ಟ್ಯಾಂಕಿನಿಂದ ಇಳಿಸಿದ್ದನ್ನು ಹೊಯ್ದರು. ಪೆಟ್ರೋಲು ಇಳಿಯಿತು. ನೀರು ತೊಗಲಿನ ಮೇಲೆಯೇ ಉಳಿಯಿತು. ಗಾಡಿ ಮತ್ತೆ ನಿಲ್ಲದೆ ಉಡುಪಿ ಸೇರಿತು.

ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರಂತೆ. ಎಚ್ಚರವಾದಾಗ ಅತ್ತೆ ಹೇಳಿದರು: ಹೆರಿಗೆಯ ಸೂತಕವೆಂದರೆ ಬಾಣಂತಿ ಕೋಣೆಯ ಕಡೆಗೂ ಸುಳಿಯದ ಮಾವ, ಅಳು ಕೇಳಿದ್ದೇ ಬಾಗಿಲಿಗೆ ಬಂದು ಕೈಯೊಡ್ಡಿ ಮಗುವನ್ನು ಎತ್ತಿಕೊಂಡರಂತೆ, ಸ್ನಾನವನ್ನೂ ಮಾಡಿರಲಿಲ್ಲ. ನಾನು ಮಗಳನ್ನು ಪಕ್ಕಕ್ಕೆಳೆದುಕೊಂಡು ಮೂಸಿದೆ. ಪೆಟ್ರೋಲಿನ ವಾಸನೆ ಬರುತ್ತಿತ್ತು.