ಹಾಲಸಿದ್ದಪ್ಪನ ಮೂಗು, ಗೌಂಡಿಯ ಗುಂಡು

ಸಿರುಗುಪ್ಪದ ಒಂದು ಅಕ್ಕಿ ಗಿರಣಿಯವರು ಹಮಾಲಿ ಹಾಲಸಿದ್ದಪ್ಪನಿಗೆ ಒಂದು ವಾರದ ಕೂಲಿ ಇನ್ನೂ ಕೊಡಬೇಕು. ೧೯೮೪ರ ಬಾಕಿ. ಕೊಡದಿರಲು ಗುಮಾಸ್ತ ಹೇಳಿದ ಕಾರಣ: ಆಳು ಮುಖ ತೋರಿಸಲಿಲ್ಲ.

ನಮ್ಮ ಕಡೆ ಮುಖಕ್ಕೆ ಟವೆಲ್ ಸುತ್ತಿಕೊಂಡವನನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ. ಹೊರಗೆ ಬಿಸಿಲು, ಗಿರಣಿಯೊಳಗೆ ಹೊಟ್ಟಿನ ಧೂಳು. ಹಾಗಾಗಿ ಕುರುಗೋಡಿನ ಈ ಮನುಷ್ಯ ತನ್ನ ಮೂಗು ಎಡಕ್ಕೆ ಸೊಟ್ಟಗಿದೆ ಎಂದು ನಂಬಿ ವರ್ಷಗಟ್ಟಲೆ ಮುಖ ಮುಚ್ಚಿಕೊಂಡಿದ್ದರೂ ನಮಗೆ ಗೊತ್ತಾಗಲಿಲ್ಲ. ಹೆಂಡತಿ ಸಾವಂತ್ರಮ್ಮನಿಗೆ ಗೊತ್ತಿತ್ತು. ಉಣ್ಣುವಾಗಲೂ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ನಿಂತ ಬಸ್ಸಿನ ಕನ್ನಡಿಯಲ್ಲಿ ಮೂಗು ನೋಡುತ್ತ ಅದೇ ಬಸ್ಸನ್ನು ತಪ್ಪಿಸಿಕೊಳ್ಳುತ್ತಿದ್ದ.

ಒಬ್ಬನ ಕೂಲಿ ಇನ್ನೊಬ್ಬ ಒಯ್ಯುತ್ತಾನೆಂದು ಹೊಸ ಗುಮಾಸ್ತ ಒಂದು ಸಂತೆಯ ದಿನ ಎಲ್ಲರ ಟವೆಲ್ ತೆಗೆಸಿದ. ಹಾಲಸಿದ್ದಪ್ಪ ಒಬ್ಬನೇ ತೆಗೆಯಲಿಲ್ಲ. ಕೂಲಿ ಬಿಟ್ಟು ಮನೆಗೆ ಹೋದವನು ಮತ್ತೆ ಹೊರಗೆ ಬರಲಿಲ್ಲ. ಹಮಾಲರ ಸಂಘದ ಪರವಾಗಿ ನಾನು ಅವನ ಮನೆಗೆ ಹೋದೆ. ಗಿರಣಿ ಮುಂದೆ ಧರಣಿ ಕೂರೋಣ ಅಂದೆ.

"ಧರಣಿಗೂ ಮುಖ ಬೇಕಲ್ರಿ," ಅಂದ.

ಸಾವಂತ್ರಮ್ಮ ನನ್ನನ್ನು ಬಾಗಿಲಿಗೆ ಕರೆದಳು. "ನಿನ್ನಿ ಕುಡಗೋಲು ಹಿಡ್ಕಂಡು ಕನ್ನಡಿ ಮುಂದ ನಿಂತಿದ್ರಣ್ಣ. ಮೂಗು ಕೊಯ್ಕಂತೀನಿ ಅಂತ."

ಇದು ಘೋಷಣೆಯಿಂದ ಆಗುವ ಕೆಲಸವಲ್ಲ ಎಂದು ನನ್ನಂಥವನಿಗೂ ತಿಳಿಯಿತು. ಟವೆಲ್ ಸುತ್ತಿಕೊಂಡೇ ಬರಲಿ ಎಂದು ಒಪ್ಪಿಸಿ ಬಳ್ಳಾರಿಗೆ, ಮನಸ್ಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಬಹಳ ಹೊತ್ತು ಕೇಳಿಸಿಕೊಂಡರು.

"ನಿನ್ನ ಮೂಗು ಸರಿ ಐತಿ ಅಂತ ನಾ ಹೇಳಿದ್ರ ನಂಬ್ತೀಯೇನು?"

"ಇಲ್ರಿ."

"ಹಂಗಾರ ಹೇಳಂಗಿಲ್ಲ ಬಿಡು."

ಬರೆದುಕೊಟ್ಟ ಗುಳಿಗೆಯ ಹೆಸರು ಕ್ಲೋಮಿಪ್ರಮಿನ್. ಸ್ವಲ್ಪದರಿಂದ ಶುರುಮಾಡಿ ಮೆಲ್ಲಗೆ ಏರಿಸುವುದು. ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ಎದ್ದಾಗ ತಲೆ ಸುತ್ತುತ್ತದೆ; ಫಲ ಕಾಣಲು ಎರಡು ಮೂರು ತಿಂಗಳು ಬೇಕು, ತಮ್ಮನ್ನು ಕೇಳದೆ ಬಿಡಬಾರದು ಎಂದರು. ಕುಡಗೋಲನ್ನೂ ಗುಳಿಗೆಯನ್ನೂ ಸಾವಂತ್ರಮ್ಮನೇ ಇಟ್ಟುಕೊಳ್ಳಲಿ ಎಂದರು.

ಗುಳಿಗೆ ನುಂಗಿದರೆ ಮೂಗು ನೆಟ್ಟಗಾಗಬೇಕು ಎಂದು ಹಾಲಸಿದ್ದಪ್ಪ ತಿಳಿದ. ಪಕ್ಕದ ಮನೆಯ ಗೌಂಡಿ ದಾವಲಸಾಬನೊಬ್ಬನನ್ನೇ ಒಳಗೆ ಕರೆದು, ಬಾಗಿಲು ಹಾಕಿ ಟವೆಲ್ ತೆಗೆದು, ಗೋಡೆಯ ನೇರ ನೋಡುವ ದಾರದ ಗುಂಡನ್ನು ತನ್ನ ಹಣೆಯಿಂದ ಇಳಿಬಿಡಿಸಿದ.

"ಅಲ್ಲಾಡಬ್ಯಾಡಲೇ," ಎಂದು ದಾವಲಸಾಬ ಒಂದು ಕಣ್ಣು ಮುಚ್ಚಿ ನೋಡಿದ. "ನಾ ಕಟ್ಟಿದ ಗ್ವಾಡಿಗಿಂತ ನೆಟ್ಟಗೈತಿ."

"ನಿನ್ನ ಗ್ವಾಡಿ ಸೊಟ್ಟ ಅಂತ ಊರಿಗೇ ಗೊತ್ತೈತಿ."

ವಾರವಾರ ಗುಂಡು ಇಳಿಯಿತು. ತಿಂಗಳಾದರೂ ಮೂಗು ಇದ್ದಲ್ಲೇ ಇತ್ತು. ಔಷಧಿ ಸುಳ್ಳು ಎಂದು ಗುಳಿಗೆ ಬಿಟ್ಟ. ನಿದ್ದೆ ಕೆಟ್ಟಿತು, ಮತ್ತೆ ಕತ್ತಲ ಕೋಣೆ ಸೇರಿ ಕುಡಗೋಲು ಎಲ್ಲಿ ಎಂದು ಕೇಳತೊಡಗಿದ.

ಸಾವಂತ್ರಮ್ಮ ಮುಂದೆ ಬಂದು ಕೂತಳು. "ನಿಮ್ಮ ಮೂಗು ಸೊಟ್ಟನ ಇರ್ಲಿ, ನಾ ವಾದ ಮಾಡಂಗಿಲ್ಲ. ಸೊಟ್ಟ ಮೂಗಿನವ್ರು ಗುಳಿಗಿ ನುಂಗಬಾರದಂತ ಕಾನೂನು ಐತೇನ್ರಿ?"

ಅವನು ವಿಚಾರ ಮಾಡಿದ. ಅಂಥ ಕಾನೂನು ನೆನಪಾಗಲಿಲ್ಲ. ಡಾಕ್ಟರನ್ನು ಕೇಳಿ ಮತ್ತೆ ಶುರುಮಾಡಿದರು. ಅದು ಮೂಗಿಗಲ್ಲ, ಮೂಗಿನ ಯೋಚನೆಗೆ ಕೊಟ್ಟ ಔಷಧಿ ಎಂದು ಈ ಸಲ ಡಾಕ್ಟರು ಬಿಡಿಸಿ ಹೇಳಿದರು.

ಮತ್ತೆ ಶುರುಮಾಡಿದ ಮೂರನೆಯ ತಿಂಗಳು ಒಂದು ಮಧ್ಯಾಹ್ನ ಅವನು ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ಎದುರು ಮಂಡಾಳು ವಗ್ಗರಣಿ, ಮೆಣಸಿನಕಾಯಿ ಬಜಿ ತಿನ್ನುತ್ತಿದ್ದ. ಟವೆಲ್ ಹೆಗಲ ಮೇಲಿತ್ತು. ಜೊತೆಗಿದ್ದ ಸಾವಂತ್ರಮ್ಮ ಕೇಳಿದಳು, "ಮೂಗು ಹೆಂಗೈತ್ರಿ?"

"ಸೊಟ್ಟನ ಐತಿ. ಮುಂಜಾನಿಯಿಂದ ನೆನಪಾಗಿದ್ದಿಲ್ಲ. ಈಗ ನೀ ನೆನಪು ಮಾಡಿದಿ."

ಪೂರ್ತಿ ಗುಣವಾಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಕೆಲವು ದಿನ ಟವೆಲ್ ಮತ್ತೆ ಮುಖಕ್ಕೆ ಏರುತ್ತಿತ್ತು. ಆದರೆ ಕೆಲಸಕ್ಕೆ ಹೋಗುತ್ತಿದ್ದ, ಗುಳಿಗೆ ಬಿಡಲಿಲ್ಲ, ಮೂಗು ಮುಖದ ಮೇಲೆಯೇ ಉಳಿಯಿತು.

ನಿನ್ನ ಮೂಗು ಚೆನ್ನಾಗಿದೆ ಎಂದು ಹೇಳಿ ಹೇಳಿ ನಾವೆಲ್ಲ ಸೋತಿದ್ದೇವೆ. ನೀವು ಮತ್ತೆ ಅದನ್ನೇ ಹೇಳಬೇಡಿ. ನಿಮ್ಮ ಮನೆಯಲ್ಲೂ ಕನ್ನಡಿ ಬಿಡದವರೋ, ಕನ್ನಡಿಗೆ ಹೆದರಿ ಬಾಗಿಲು ಹಾಕಿಕೊಂಡವರೋ ಇರಬಹುದು. ಡಾಕ್ಟರ ಹತ್ತಿರ ಯಾವತ್ತು ಕರೆದುಕೊಂಡು ಹೋಗುತ್ತೀರಿ? ನೋಡೋಣ ಅನ್ನಬೇಡಿ. ದಿನ ಹೇಳಿ.