ಕಾದ ಮೇಲೆ ಹಿಡಿಯುವ ಬ್ರೇಕ್

ಮಾನ್ಯರೇ, ನನ್ನ ಕಾಗುಣಿತ ಹಾಗೂ ಕೈಬರಹದ ದೋಷಗಳಿಗಾಗಿ ಮೊದಲೇ ಕ್ಷಮೆ ಕೋರುತ್ತೇನೆ.

ಹಳಿಯಾಳದಲ್ಲಿ ಒಬ್ಬ ಮೆಕ್ಯಾನಿಕರಿದ್ದರು; ಅವರು ಪ್ರತಿ ಬ್ರೇಕ್ ಪ್ಯಾಡನ್ನೂ ಹೆಬ್ಬೆರಳಿನಿಂದ ಉಜ್ಜುತ್ತಾ, "ಗಾಡಿ ಎಲ್ಲಿ ಓಡತೈತ್ರಿ?" ಎಂದು ಕೇಳುತ್ತಿದ್ದರು. ತಮ್ಮನ ವೇಗದ ಕಾರಿಗೆಂದು ನಾನು ರೇಸಿನ ಪ್ಯಾಡ್ ಒಯ್ದಾಗಲೂ ಅದನ್ನೇ ಕೇಳಿದರು.

"ದಾಂಡೇಲಿ ರಸ್ತಾದಾಗ," ಎಂದೆ.

"ಇದು ಕಾದ ಮ್ಯಾಲೆ ಹಿಡಿತೈತ್ರಿ ಸಾಹೇಬ್ರ. ಮುಂಜಾನೆ ಎಮ್ಮಿ ಅಡ್ಡ ಬಂದ್ರ, ಪ್ಯಾಡ್ ಕಾಯೂತನಕ ಅದು ತಡೀತೈತೇನ್ರಿ? ಸೆರಾಮಿಕ್ ಪ್ಯಾಡ್ ಹಾಕೂಣು, ಅದು ತಣ್ಣಗಿದ್ದಾಗೂ ಹಿಡಿತೈತಿ."

"ನೀವು ಎತ್ತಿನ ಚಕ್ಕಡಿ ರಿಪೇರಿಗೇ ಲಾಯಕ್ಕು. ಹೇಳಿದ್ದು ಹಾಕ್ರಿ."

ಹಾಕಿದರು. ಮೂರನೆಯ ಮುಂಜಾನೆ, ಮೊದಲ ತಿರುವಿನಲ್ಲೇ ತಣ್ಣಗಿದ್ದ ಬ್ರೇಕ್ ಹಿಡಿಯದೆ, ನನ್ನ ತಮ್ಮ ಕಾರನ್ನು ಮರಕ್ಕೆ ಗುದ್ದಿ ಕಾಲು ಕಳೆದುಕೊಂಡನು. ಆಸ್ಪತ್ರೆಯಲ್ಲಿ ನೆರೆದವರೆದುರು, "ಮೆಕ್ಯಾನಿಕಂದ ತಪ್ಪು," ಎಂದೆ. ಬಾಗಿಲಲ್ಲೇ ನಿಂತಿದ್ದ ಅವರು, "ತಮ್ಮಾರು ಹೆಂಗದಾರ್ರಿ?" ಎಂದಷ್ಟೇ ಕೇಳಿದರು.

ಆಮೇಲೆ ಅವರ ಗ್ಯಾರೇಜಿಗೆ ಯಾರೂ ಹೋಗಲಿಲ್ಲ, ಅದು ಮುಚ್ಚಿತು. ನನ್ನ ಆ ಮಾತನ್ನು ನಾನಿನ್ನೂ ತಿದ್ದಿಕೊಂಡಿಲ್ಲ.

ಈ ಬರಹದಲ್ಲಿ ಕಂಡ ತಪ್ಪುಗಳನ್ನು ತಾವು ತಿದ್ದಬೇಕಾಗಿ ವಿನಂತಿ.