ದೊಡ್ಡಮ್ಮ ಎರಡು ಸಲ ಹತ್ತಿದ ಗುಡ್ಡ

ಇದನ್ನು ಹೇಳಬೇಕೆಂದು ಅಂದುಕೊಳ್ಳುತ್ತಲೇ ಮುಂದಕ್ಕೆ ಹಾಕಿಕೊಂಡು ಬಂದಿದ್ದೇನೆ. ಮೊದಲು ನೌಕರಿ ಅಂತ, ಆಮೇಲೆ ಮಕ್ಕಳ ಮದುವೆ ಅಂತ, ಕೊನೆಗೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆದರಾಯಿತು ಅಂತ. ಪೊರೆ ತೆಗೆಸಿ ಎರಡು ವರ್ಷವಾಯಿತು. ಮೊನ್ನೆ ಸಂಜೆ ನನ್ನ ಮೊಮ್ಮಗಳು ತಾರಸಿಯ ಕಾವು ಇಳಿಯಲೆಂದು ಹಳೆಯ ತಾಮ್ರದ ಬಿಂದಿಗೆಯಿಂದ ನೀರು ಸುರಿದಳು. ದಿನವಿಡೀ ಕಾದ ನೆಲಕ್ಕೆ ನೀರು ಬಿದ್ದಾಗ ಏಳುವ ವಾಸನೆ ನಿಮಗೆ ಗೊತ್ತಿದೆ. ಬಿಸಿ ಹಂಚಿನ ಹಾಗೆ, ಹಸಿ ಸುಣ್ಣದ ಹಾಗೆ, ಮೂಗಿನೊಳಗೆ ಹೋಗಿ ಅಲ್ಲೇ ಕೂರುತ್ತದೆ. ಅವಳು ಬಿಂದಿಗೆಯನ್ನು ತಿರುಗಿಸಿ ನೋಡಿ, "ತಾತ, ಇದ್ಯಾಕೆ ಇಲ್ಲಿ ನೆಗ್ಗೈತೆ?" ಎಂದು ಕೇಳಿದಳು. "ಬಿದ್ದಿತ್ತು ಕಣಮ್ಮ" ಎಂದೆ. ಅರವತ್ತು ವರ್ಷದಿಂದ ಯಾರು ಕೇಳಿದರೂ ನಾನು ಕೊಡುವ ಉತ್ತರ ಅದು. ಅದರಲ್ಲಿ ಅರ್ಧ ಮಾತ್ರ ನಿಜ.

ಚಿಕ್ಕಜಾಜೂರಿನ ಸ್ಟೇಷನ್ನಿನ ಹಿಂದೆ ನಮ್ಮದೊಂದು ಹೆಂಚಿನ ಮನೆಯಿತ್ತು. ಒಂಬತ್ತು ಜನ, ಒಂದು ಎಮ್ಮೆ. ಇಂಜಿನ್ನಿನ ಮಸಿ ಹಾರಿಬಂದು ಅಂಗಳದಲ್ಲಿ ಒಣಹಾಕಿದ ಸಂಡಿಗೆಯ ಮೇಲೆ ಕೂರುತ್ತಿತ್ತು. ನಮ್ಮ ಮನೆಯ ಸಂಡಿಗೆ ತಿಂದ ನೆಂಟರು ಎಳ್ಳು ಹಾಕಿದ್ದೀರಾ ಎಂದು ಕೇಳುತ್ತಿದ್ದರು. ದೊಡ್ಡಪ್ಪ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ. ದೊಡ್ಡಮ್ಮ ಆಂಧ್ರದ ಗಡಿಗೆ ಅಂಟಿಕೊಂಡಿರುವ ಧರ್ಮಪುರದ ಕಡೆಯವಳು. ತವರಿನಿಂದ ಬರುವಾಗ ಒಂದು ಚೀಲ ಕಡಲೆಕಾಯಿ ತರುತ್ತಿದ್ದಳು, ಮಾತಿನ ನಡುವೆ ನಾಲ್ಕು ತೆಲುಗು ಶಬ್ದ ತರುತ್ತಿದ್ದಳು. ಮಾತೆಂದರೆ ಎಂಥ ಮಾತು! ಒಲೆಯ ಜೊತೆ ಮಾತು, ಎಮ್ಮೆಯ ಜೊತೆ ಮಾತು, ರೈಲು ತಡವಾದರೆ ಬಾಗಿಲಲ್ಲಿ ನಿಂತು ರೈಲಿಗೇ ಬೈಗಳು. ಅವಳಿಗೆ ಮಕ್ಕಳಿರಲಿಲ್ಲ. ನನಗೆ ತಮ್ಮ ಹುಟ್ಟಿದ ಮೇಲೆ ನಾನು ಅವಳ ಪಕ್ಕದಲ್ಲೇ ಮಲಗುತ್ತಿದ್ದೆ, ಅವಳ ಕೈಯಿಂದಲೇ ಉಣ್ಣುತ್ತಿದ್ದೆ. ಎಲ್ಲರಿಗೂ ನಾನು ಮಂಜ. ಅವಳಿಗೆ ಮಾತ್ರ "ನಾಯನಾ", ತೆಲುಗಿನಲ್ಲಿ ಕಂದಾ ಅಂದ ಹಾಗೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ವಿಷಮಶೀತ ಜ್ವರ ಬಂತು. ಆ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಎದ್ದಾಗ ತಲೆಗೂದಲು ಉದುರಿತ್ತು, ಕಾಲು ಕಡ್ಡಿಯಾಗಿತ್ತು, ಮನೆಯಲ್ಲಿ ಎಲ್ಲರೂ ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದರು. ಮುಂದಿನ ಯುಗಾದಿ ಕಳೆದ ಮೊದಲ ಶನಿವಾರ ದೊಡ್ಡಮ್ಮ ರಂಗಪ್ಪನ ಗುಡ್ಡಕ್ಕೆ ಹರಕೆ ತೀರಿಸಲು ಹೊರಟಳು. ನಮ್ಮ ಮನೆದೇವರು ರಂಗಪ್ಪ ಇರುವುದು ಹೊಸದುರ್ಗದ ಸೀಮೆಯ ಒಂದು ಬೋಳು ಗುಡ್ಡದ ನೆತ್ತಿಯಲ್ಲಿ. ಹರಕೆ ಇಷ್ಟೇ: ಕೆಳಗಿನ ಹೊಂಡದಲ್ಲಿ ಬಿಂದಿಗೆ ತುಂಬಿ, ತಲೆಯ ಮೇಲೆ ಹೊತ್ತು, ಬರಿಗಾಲಲ್ಲಿ ಹತ್ತಿ, ದೇವರ ಪಾದಕ್ಕೆ ಸುರಿಯಬೇಕು. ನೀರು ತುಂಬಿದಾಗಿನಿಂದ ಸುರಿಯುವವರೆಗೆ ಒಂದೇ ಒಂದು ಮಾತು ಆಡಕೂಡದು. ಆಡಿದರೆ ಮತ್ತೆ ಹೊಂಡದಿಂದ ಮೊದಲು. ಯಾತಕ್ಕಾಗಿ ಹೊತ್ತ ಹರಕೆ ಎಂಬುದನ್ನು ತೀರುವವರೆಗೆ ಯಾರಿಗೂ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಗೊತ್ತಿದ್ದದ್ದು ಹರಕೆ ಹೊರುವಾಗ ಪಕ್ಕದಲ್ಲಿದ್ದ ಅಜ್ಜಿಯೊಬ್ಬಳಿಗೆ.

ಹೋದವರು ನಾಲ್ಕು ಜನ: ದೊಡ್ಡಪ್ಪ, ದೊಡ್ಡಮ್ಮ, ಅಜ್ಜಿ, ನಾನು. ಬೆಳಗಿನ ರೈಲಿನಲ್ಲಿ ಹೊಸದುರ್ಗ ರೋಡಿಗೆ, ಅಲ್ಲಿಂದ ಎತ್ತಿನ ಗಾಡಿ. ರೈಲಿನುದ್ದಕ್ಕೂ ದೊಡ್ಡಮ್ಮ ಗುಡ್ಡದ ಮೇಲೆ ಆಡಲಾಗದ್ದನ್ನೆಲ್ಲ ಮುಂಚೆಯೇ ಆಡಿ ಮುಗಿಸುವವಳಂತೆ ಮಾತಾಡಿದಳು. ಎದುರಿಗೆ ಕುಳಿತ ಗುರುತಿಲ್ಲದ ಹೆಂಗಸಿನ ಸೊಸೆಯ ಬಾಣಂತನದವರೆಗೆ ವಿಚಾರಿಸಿದಳು. ದೊಡ್ಡಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ, ಅವಳಿಗೂ ಕೇಳುವ ಹಾಗೆ, "ಲೇ ಮಂಜ, ಇವತ್ತು ಇವಳ ಬಾಯಿಗೆ ರಜೆ. ಗುಡ್ಡದ ಮ್ಯಾಲೆ ಇವಳ ಬಾಯಿ ಬಿಡ್ಸಿದೋರಿಗೆ ಒಂದು ಪೊಟ್ಟಣ ಖಾರ ಮಂಡಕ್ಕಿ ನೋಡು" ಎಂದ.

"ನಿಮ್ಮ ಮಂಡಕ್ಕಿ ನೀವೇ ತಿನ್ರಿ. ದೇವುಡಾ, ಈ ಗಂಡಸಿಗೆ ಒಂಚೂರು ಬುದ್ಧಿ ಕೊಡಪ್ಪ" ಎಂದು ಅವಳು ನಕ್ಕಳು. ಅವನದು ತಮಾಷೆ ಎಂದು ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹೊಂಡದಲ್ಲಿ ಬಿಂದಿಗೆ ಬುಳುಬುಳು ತುಂಬಿತು. ಅವಳ ತುಟಿ ಮುಚ್ಚಿತು. ದೊಡ್ಡಮ್ಮನ ಪಕ್ಕದಲ್ಲಿ ಅಷ್ಟು ಹೊತ್ತು ಅವಳ ದನಿ ಇಲ್ಲದೆ ನಡೆದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಪರಿಚಯದವರು ಎದುರಾದರೆ ಹುಬ್ಬಿನಲ್ಲೇ ಕ್ಷೇಮ ಕೇಳುತ್ತಿದ್ದಳು. ದೊಡ್ಡಪ್ಪ, "ನಿನ್ನೆ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಕಣೇ, ಹೌದಲ್ವಾ?" ಎಂದು ಕೆಣಕಿದಾಗ ಅವಳ ಮೂಗಿನ ಹೊಳ್ಳೆ ಅರಳಿತು, ಬಾಯಿ ಬಿಡಲಿಲ್ಲ. ಅಜ್ಜಿಗೇ ನಗು ತಡೆಯಲಾಗಲಿಲ್ಲ. ಮುಕ್ಕಾಲು ಗುಡ್ಡ ಹತ್ತಿದ ಮೇಲೆ ಒಂದು ಚಪ್ಪಟೆ ಬಂಡೆ ಸಿಗುತ್ತದೆ. ಹತ್ತು ಗಂಟೆಯ ಬಿಸಿಲಿಗೆ ಅದು ಆಗಲೇ ಕಾದಿತ್ತು. ನಾನು ಮುಂದೆ ಓಡಿ ಬಂಡೆಯ ಅಂಚಿಗೆ ಹೋದೆ. ಅಂಚಿನ ಕೆಳಗೆ ಒಂದು ಮೊಳ ಇಳುಕಲು, ಹುಲ್ಲು. "ಅಯ್ಯೋ ದೊಡ್ಡಮ್ಮಾ!" ಎಂದು ಕಿರುಚಿ ಮೆಲ್ಲಗೆ ಜಾರಿ ಹುಲ್ಲಿನಲ್ಲಿ ಮಲಗಿಬಿಟ್ಟೆ.

"ನಾಯನಾ!"

ಆ ಕೂಗಿಗೆ ಗುಡ್ಡದ ಕಾಗೆಗಳೆಲ್ಲ ಎದ್ದವು. ಬಿಂದಿಗೆ ಬಂಡೆಗೆ ಬಡಿದು ಠಣಾರೆಂದಿತು. ಕಾದ ಕಲ್ಲಿನ ಮೇಲೆ ನೀರು ಹರಡಿ ಆ ವಾಸನೆ ಎದ್ದಿತು. ದೊಡ್ಡಮ್ಮ ಹುಲ್ಲಿಗೆ ಜಿಗಿದು ನನ್ನ ತಲೆ, ಕೈ, ಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿ, "ಎಲ್ಲಿ ಬಿತ್ತೋ ಏಟು? ಮಾತಾಡೋ, ನಾಯನಾ, ಮಾತಾಡೋ" ಎಂದಳು. ನಾನು ಎಡಮೊಣಕಾಲು ಹಿಡಿದುಕೊಂಡು ದೊಡ್ಡಪ್ಪನ ಮುಖ ನೋಡಿದೆ, ಗೆದ್ದೆನಲ್ಲ ಎಂದು. ಅವನು ನಗುತ್ತಿರಲಿಲ್ಲ.

"ಹುಡುಗ ಬಿದ್ದ ಅಂತ ಕೂಗಿದ್ಲು. ದೇವ್ರಿಗೆ ಅಷ್ಟೂ ತಿಳಿಯಲ್ವೇನವ್ವ?" ಎಂದು ಅಜ್ಜಿಯನ್ನು ಕೇಳಿದ.

"ದೇವ್ರಿಗೆ ತಿಳಿತೈತೆ. ಹೊತ್ತೋಳ ಮನಸ್ಸು ಒಪ್ಪಬೇಕಲ್ಲಪ್ಪ" ಎಂದಳು ಅಜ್ಜಿ.

ಅಷ್ಟರಲ್ಲಿ ದೊಡ್ಡಮ್ಮ ನೆಗ್ಗಿದ ಬಿಂದಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ಇಳಿಯತೊಡಗಿದ್ದಳು. "ನೀವು ಇಲ್ಲೇ ನೆರಳಿಗೆ ಕುಂತಿರ್ರಿ, ಬಂದೆ. ಹೊಂಡ ಮುಟ್ಟೋಗಂಟ ನಾನು ಮಾತಾಡ್ಬೋದು, ಯಾರೂ ಬ್ಯಾಡ ಅನ್ನಂಗಿಲ್ಲ!" ಎಂದಳು. ಮಾತಾಡಿಯೂ ಮಾತಾಡಿದಳು. ಹತ್ತಿ ಬರುವವರನ್ನೆಲ್ಲ ನಿಲ್ಲಿಸಿ, "ನಮ್ಮ ಹುಡುಗ ಬಿದ್ದಿದ್ದ ಕಣ್ರಿ, ಏನೂ ಆಗ್ಲಿಲ್ಲ, ರಂಗಪ್ಪ ಕೈಯಾಗೆ ಹಿಡ್ಕಂಡ" ಎಂದು ಹೇಳುವುದು ಮೇಲಿದ್ದ ನಮಗೆ ಕೇಳುತ್ತಿತ್ತು. ದನಿ ಸಣ್ಣದಾಗುತ್ತಾ ಹೋಯಿತು. ಆಮೇಲೆ ಒಮ್ಮೆಲೇ ನಿಂತಿತು. ಬಿಂದಿಗೆ ತುಂಬಿತು ಎಂದು ಮೂವರಿಗೂ ಗೊತ್ತಾಯಿತು. ಅಜ್ಜಿ ಕೈ ಮುಗಿದಳು.

ಅವಳು ಎರಡನೆಯ ಸಲ ಮೇಲೆ ಬರುವಾಗ ಹೊತ್ತು ನೆತ್ತಿಗೇರಿತ್ತು. ಬಂಡೆಯ ಮೇಲೆ ಕಾಲಿಡಲಾಗದೆ ಹುಲ್ಲು ಇದ್ದಲ್ಲೆಲ್ಲ ಹೆಜ್ಜೆ ಹುಡುಕುತ್ತಾ, ತುಟಿ ಕಚ್ಚಿಕೊಂಡು ಬಂದಳು. ದೊಡ್ಡಪ್ಪ ತನ್ನ ಹೆಗಲ ಮೇಲಿನ ವಲ್ಲಿಬಟ್ಟೆಯನ್ನು ಅವಳ ಮುಂದೆ ಹಾಸಿ, ಅವಳು ದಾಟಿದ ಮೇಲೆ ಎತ್ತಿ ಮತ್ತೆ ಮುಂದೆ ಹಾಸುತ್ತಾ ಗುಡಿಯವರೆಗೆ ಹೋದ. ನಾನು ಹಿಂದೆ ಕುಂಟುತ್ತಾ ಬಂದೆ. ಯಾವ ಕಾಲು ಎಂಬುದು ಮರೆತುಹೋಗಿ ಒಮ್ಮೆ ಎಡಗಾಲು, ಒಮ್ಮೆ ಬಲಗಾಲು ಕುಂಟಿದೆ.

ನೀರು ಸುರಿದು ಹೊರಗೆ ಬಂದ ದೊಡ್ಡಮ್ಮ ಜಗಲಿಯ ಮೇಲೆ ಕುಳಿತಳು. ಅಂಗಾಲಿನಲ್ಲಿ ಬೊಬ್ಬೆ ಎದ್ದಿದ್ದವು. ನನ್ನನ್ನು ಹತ್ತಿರ ಎಳೆದುಕೊಂಡು, "ಇದು ನಿನ್ನ ಹರಕೆನೇ ಕಣೋ. ನೀನು ಜ್ವರದಾಗೆ ಮೂರು ದಿನ ಬಾಯೇ ಬಿಡ್ಲಿಲ್ಲ. ಇವನ ಬಾಯಿ ಬಿಡ್ಸಪ್ಪ, ನಾನು ಬಾಯಿ ಮುಚ್ಕಂಡು ನಿನ್ನ ಗುಡ್ಡ ಹತ್ತೀನಿ ಅಂತ ಬೇಡ್ಕಂಡಿದ್ದೆ" ಎಂದಳು. ಆಗ ಹೇಳಬೇಕಾಗಿತ್ತು. ಹೇಳಲೆಂದೇ ಬಾಯಿ ತೆರೆದೆ. ತೆರೆದ ಬಾಯಿಗೆ ಅವಳು ಕೊಬ್ಬರಿ ಬೆಲ್ಲ ಇಟ್ಟಳು. ಆಮೇಲೆ ಅರಿಶಿನದ ಪೊಟ್ಟಣ ಬಿಚ್ಚಿ, "ಯಾವ ಕಾಲೋ ನಾಯನಾ?" ಎಂದು ಕೇಳಿದಳು. ನಾನು ಕೊಬ್ಬರಿ ಬೆಲ್ಲ ಜಗಿಯುತ್ತಾ ಎರಡೂ ಕಾಲು ಚಾಚಿದೆ. ಅವಳು ಗಾಯವಿಲ್ಲದ ನನ್ನ ಎರಡು ಮೊಣಕಾಲಿಗೂ ಅರಿಶಿನ ಹಚ್ಚಿದಳು. ತನ್ನ ಬೊಬ್ಬೆಗೆ ಹಚ್ಚಿಕೊಳ್ಳಲು ಅದರಲ್ಲಿ ಏನೂ ಉಳಿಯಲಿಲ್ಲ.

ಮಾರನೆಯ ದಿನ ದೊಡ್ಡಪ್ಪ, ಪಾಪ ಬಿದ್ದಿದ್ದಾನೆ ಎಂದು, ನನಗೆ ಖಾರ ಮಂಡಕ್ಕಿ ತಂದುಕೊಟ್ಟ. ತಿಂದೆ. ಇದನ್ನೂ ಹೇಳಿಬಿಡುತ್ತೇನೆ: ರುಚಿಯಾಗಿತ್ತು.

ಆಮೇಲೆ ಹೇಳಬಹುದಾಗಿದ್ದ ದಿನಗಳು ಬೇಕಾದಷ್ಟು ಇದ್ದವು. ಆದರೆ ಆ ಗುಡ್ಡ ದೊಡ್ಡಮ್ಮನ ಕಥೆಯಾಗಿಬಿಟ್ಟಿತ್ತು. ಮದುವೆ ಮನೆ, ಬಾವಿಕಟ್ಟೆ, ರೈಲು, ಎಲ್ಲಿ ಕುಳಿತರೂ "ಎಲ್ರೂ ಒಂದು ಸಲ ಹತ್ತಿದ್ರೆ ನನ್ನ ಕೈಲಿ ರಂಗಪ್ಪ ಎರಡು ಸಲ ಹತ್ತಿಸ್ಕಂಡ" ಎಂದು ಶುರುಮಾಡುವಳು. ಒಂದೊಂದು ಸಲಕ್ಕೂ ಬಂಡೆ ಎತ್ತರವಾಗುತ್ತಿತ್ತು, ಬಿಸಿಲು ಏರುತ್ತಿತ್ತು, ನಾನು ಇನ್ನೂ ಆಳಕ್ಕೆ ಬೀಳುತ್ತಿದ್ದೆ. ಕೇಳುವವರ ಕಣ್ಣು ತುಂಬುವುದನ್ನು ನೋಡಿ ಅವಳಿಗೆ ಹಿಗ್ಗು. ನಿಜ ಹೇಳಿದರೆ ಅವಳ ಕಥೆ ಹಾಳಾಗುತ್ತದೆ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಹೇಡಿಗೆ ಅದಕ್ಕಿಂತ ಒಳ್ಳೆಯ ನೆಪ ಬೇಕೆ? ನಾನು ಎಸ್ಸೆಸ್ಸೆಲ್ಸಿ ಮುಗಿಸಿ ರೈಲ್ವೆ ಸೇರಿ ದೂರದ ಸ್ಟೇಷನ್ನಿನಲ್ಲಿದ್ದಾಗ ಅವಳು ಹೋದಳು. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯಲ್ಲಿ ಏಳು ಜನ ಇದ್ದರೂ ಯಾರೂ ಇಲ್ಲದಷ್ಟು ಸದ್ದಡಗಿತ್ತು. ಅಂದು ಗುಡ್ಡದ ಮೇಲೆ ಕುಳಿತು ಕೇಳಿಸಿಕೊಂಡ ಹಾಗೆಯೇ, ದನಿ ಒಮ್ಮೆಲೇ ನಿಂತ ಹಾಗೆ.

ಈಗ ಆ ಮನೆಯೂ ಇಲ್ಲ, ಮಸಿ ಉಗುಳುವ ಇಂಜಿನ್ನೂ ಇಲ್ಲ. ಸಂಡಿಗೆ ಬೆಳ್ಳಗೇ ಇರುತ್ತದೆ. ಗುಡ್ಡದ ನೆತ್ತಿಯವರೆಗೆ ಡಾಂಬರು ರಸ್ತೆಯಾಗಿದೆ, ಕಾರಿನಲ್ಲಿ ಮಾತಾಡುತ್ತಲೇ ಹೋಗಿ ಬರುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಒಂದು ದನಿ ಇದ್ದಿರಬಹುದು. ಇದ್ದಾಗ ಕಿವಿ ನೋಯುತ್ತದೆ ಅನ್ನಿಸುವಂಥದ್ದು. ಎರಡೂ ಮೊಣಕಾಲಿಗೆ ಅರಿಶಿನ ಹಚ್ಚಿದಾಗ ಅವಳಿಗೆ ಗೊತ್ತಾಗಿತ್ತೇ ಎಂದು ಈಗಲೂ ಯೋಚಿಸುತ್ತೇನೆ. ಅವಳು ನಕ್ಕಿದ್ದಂತೂ ನೆನಪಿದೆ.

ನಿನ್ನೆ ಮೊಮ್ಮಗಳನ್ನು ಕರೆದು ಬಿಂದಿಗೆ ಯಾಕೆ ನೆಗ್ಗಿದೆ ಎಂದು ಪೂರ್ತಿ ಹೇಳಿದೆ. ಅವಳು ಎಲ್ಲ ಕೇಳಿ, "ಆ ದೊಡ್ಡಮ್ಮನ ಹೆಸರೇನು ತಾತ?" ಎಂದಳು. ಕೂಗಿ ಕರೆಯುವ ಹೆಸರಾಗಿರಲಿಲ್ಲ ಅದು ನನಗೆ, ಒಮ್ಮೆಯೂ ಬಾಯಲ್ಲಿ ಆಡಿದವನಲ್ಲ. ಅವಳಾದರೋ ಹೊತ್ತ ನೀರನ್ನು ಚೆಲ್ಲಿ ನನ್ನನ್ನು ಕೂಗಿದವಳು. ಅವಳ ಹೆಸರು ಹನುಮಕ್ಕ. ಧರ್ಮಪುರದ ಹನುಮಕ್ಕ. ನಾನು ಅಂದು ಬಿದ್ದಿರಲಿಲ್ಲ, ದೊಡ್ಡಮ್ಮ.